ಸ್ಕಾರ್ಫ್ ಒಂದೇ, ನಡೆಸೋರು ಬೇರೆ ಬೇರೆ: ದೇಶ ದೇಶದ ಸ್ಕೌಟ್ ಮೇಷ್ಟ್ರುಗಳು ಸೇರಿದಾಗ ಏಳುವ ಪ್ರಶ್ನೆಗಳು

ಆಗಸ್ಟ್ 15, ಜನವರಿ 26ರಂದು ತಾಲ್ಲೂಕು ಕ್ರೀಡಾಂಗಣದಲ್ಲಿ ಪೊಲೀಸರು, ಗೃಹರಕ್ಷಕರು, ಎನ್‌ಸಿಸಿ ಆದಮೇಲೆ ಕೊರಳಿಗೆ ಸ್ಕಾರ್ಫ್ ಹಾಕಿಕೊಂಡ ಮಕ್ಕಳ ಒಂದು ಸಾಲು ಹೆಜ್ಜೆ ಹಾಕಿಕೊಂಡು ಹೋಗುತ್ತೆ. ಜಾತ್ರೆಯಲ್ಲಿ ಕುಡಿಯೋ ನೀರು ಕೊಡೋಕೆ, ರಥಬೀದೀಲಿ ಹಗ್ಗ ಹಿಡಿದು ನಿಲ್ಲೋಕೆ ಅವರೇ ಬರ್ತಾರೆ. ನಮ್ಮಲ್ಲಿ ಬಹಳ ಜನಕ್ಕೆ ಸ್ಕೌಟ್ಸ್ ಮತ್ತು ಗೈಡ್ಸ್ ಅಂದ್ರೆ ಗೊತ್ತಿರೋದು ಇಷ್ಟೇ.

ಅದೇ ಸ್ಕಾರ್ಫು, ಅದೇ ಮೂರು ಬೆರಳಿನ ಸೆಲ್ಯೂಟು, ಅದೇ ಎಡಗೈ ಕುಲುಕಾಟ 170ಕ್ಕೂ ಹೆಚ್ಚು ದೇಶಗಳಲ್ಲಿದೆ. ಈ ದೇಶಗಳ ನಾಯಕರು, ಅಂದರೆ ಸಂಬಳವಿಲ್ಲದೆ ಮಕ್ಕಳಿಗಾಗಿ ವಾರಕ್ಕೊಂದು ಸಂಜೆ ಕೊಡೋ ಸ್ವಯಂಸೇವಕರು, ಒಂದು ಕಡೆ ಸೇರಿದರೆ ಮೊದಲು ಮಾತು ಗಂಟು, ಗುಡಾರ, ಅಡುಗೆ ಕಡೆ ಹೋಗುತ್ತೆ. ಸ್ವಲ್ಪ ಸಲುಗೆ ಬಂದಮೇಲೆ ನಿಜವಾದ ಪ್ರಶ್ನೆ ಬರುತ್ತೆ: ನಿಮ್ಮಲ್ಲಿ ಇದನ್ನು ನಡೆಸೋರು ಯಾರು? ಮೇಷ್ಟ್ರೋ, ಅಪ್ಪ-ಅಮ್ಮನೋ, ಸರ್ಕಾರವೋ? ಈ ಒಂದು ಪ್ರಶ್ನೆಯ ಉತ್ತರದ ಮೇಲೇ ಉಳಿದ ಬಹಳಷ್ಟು ನಿಂತಿದೆ. ಅದಕ್ಕೇ ಮಕ್ಕಳನ್ನು ಸ್ಕೌಟ್ಸ್‌ಗೆ ಕಳಿಸಿರೋರು, ಕಳಿಸಬೇಕು ಅಂದುಕೊಂಡಿರೋರು, ಶಿಬಿರ ಅಂದಾಗ ಅಕ್ಕಿ-ಬೇಳೆ ಕೊಡೋ ನಮ್ಮ ಅಂಗಡಿಯವರು ಇದನ್ನು ತಿಳಿದುಕೊಂಡಿರೋದು ಒಳ್ಳೇದು.

ಶುರುವಾದದ್ದು ಹೀಗೆ

ಬ್ರಿಟಿಷ್ ಸೇನಾಧಿಕಾರಿ ರಾಬರ್ಟ್ ಬೇಡನ್ ಪೊವೆಲ್ 1907ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ಎಂಬ ಪುಟ್ಟ ದ್ವೀಪಕ್ಕೆ ಇಪ್ಪತ್ತರಷ್ಟು ಹುಡುಗರನ್ನು ಕರಕೊಂಡು ಹೋಗಿ ಶಿಬಿರ ಮಾಡಿದ. ಶ್ರೀಮಂತರ ಶಾಲೆಯ ಹುಡುಗರೂ ಇದ್ದರು, ಕೂಲಿಕಾರರ ಮನೆಯವರೂ ಇದ್ದರು. ಅವರನ್ನು ನಾಲ್ಕು ಗುಂಪು ಮಾಡಿ, ಪ್ರತಿ ಗುಂಪಿಗೂ ಒಬ್ಬ ಹುಡುಗನನ್ನೇ ನಾಯಕ ಮಾಡಿದ್ದು ಆ ಶಿಬಿರದ ಹೊಸತನ. ಮರುವರ್ಷ ಅವನ ಪುಸ್ತಕ ಕಂತು ಕಂತಾಗಿ ಹೊರಬಂತು. ಅದನ್ನು ಓದಿದ ಹುಡುಗರು ಯಾರಿಗೂ ಕಾಯದೆ ತಾವೇ ಗುಂಪು ಕಟ್ಟಿಕೊಂಡು, ಆಮೇಲೆ ದೊಡ್ಡವರನ್ನು ಹುಡುಕಿಕೊಂಡು ಹೋದರು. 1909ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಮೇಳಕ್ಕೆ ಹುಡುಗಿಯರೂ ಕರೆಯದೆ ಬಂದು ನಿಂತರು. ಮರುವರ್ಷ ಅವರಿಗಾಗಿ ಗೈಡ್ಸ್ ಹುಟ್ಟಿತು.

ಭಾರತದಲ್ಲಿ ಮೊದಲ ದಳ ಶುರುವಾಗಿದ್ದು ನಮ್ಮ ಬೆಂಗಳೂರಲ್ಲೇ, 1909ರಲ್ಲಿ, ಬಿಷಪ್ ಕಾಟನ್ ಬಾಲಕರ ಶಾಲೆಯಲ್ಲಿ, ಕ್ಯಾಪ್ಟನ್ ಟಿ.ಎಚ್. ಬೇಕರ್ ಅವರಿಂದ. ಆದರೆ ಅದು ಯುರೋಪಿಯನ್ ಮತ್ತು ಆಂಗ್ಲೋ ಇಂಡಿಯನ್ ಮಕ್ಕಳಿಗೆ ಮಾತ್ರ. ನಮ್ಮ ಮಕ್ಕಳಿಗೆ ಬಾಗಿಲು ಇರಲಿಲ್ಲ. ಅದಕ್ಕೇ ಆನಿ ಬೆಸೆಂಟ್ ಮದರಾಸಿನಲ್ಲಿ 1916ರ ಹೊತ್ತಿಗೆ ಭಾರತೀಯ ಮಕ್ಕಳದ್ದೇ ಸಂಘ ಕಟ್ಟಿದರು. ಅಲಹಾಬಾದಿನಲ್ಲಿ ಮದನ ಮೋಹನ ಮಾಳವೀಯ, ಹೃದಯನಾಥ ಕುಂಜ್ರು, ಶ್ರೀರಾಮ ಬಾಜಪೇಯಿ ಸೇರಿ ಸೇವಾ ಸಮಿತಿ ಸ್ಕೌಟ್ ಸಂಘ ಕಟ್ಟಿದರು. ಸ್ವಾತಂತ್ರ್ಯ ಬಂದಮೇಲೆ, 1950ರ ನವೆಂಬರ್ 7ರಂದು, ಬೇರೆ ಬೇರೆಯಾಗಿದ್ದ ಸಂಘಗಳು ಒಂದಾಗಿ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಆಯಿತು. ಮರುವರ್ಷ ಗೈಡ್ಸ್ ಕೂಡ ಸೇರಿಕೊಂಡಿತು.

ಒಂದು ಗೊಂದಲ ಇಲ್ಲೇ ಬಿಡಿಸಿಬಿಡೋಣ. ಎನ್‌ಸಿಸಿ ರಕ್ಷಣಾ ಇಲಾಖೆಯದ್ದು. ಭಾರತ ಸೇವಾದಳ ನಮ್ಮ ಹುಬ್ಬಳ್ಳಿಯ ನಾ.ಸು. ಹರ್ಡೀಕರ್ ಅವರು ಕಟ್ಟಿದ ಪರಂಪರೆಯದ್ದು. ಸ್ಕೌಟ್ಸ್ ಇವೆರಡೂ ಅಲ್ಲ. ಪೆರೇಡಿನಲ್ಲಿ ಮೂರೂ ಒಂದೇ ಥರ ಕಾಣೋದ್ರಿಂದ ಜನ ಒಂದೇ ಅಂದುಕೊಳ್ತಾರೆ.

ಎಲ್ಲಿ ಸೇರ್ತಾರೆ?

ಲಂಡನ್ ಹೊರವಲಯದಲ್ಲಿ ಗಿಲ್‌ವೆಲ್ ಪಾರ್ಕ್ ಅಂತ ಒಂದು ಜಾಗ ಇದೆ. 1919ರಲ್ಲಿ ಅಲ್ಲಿ ನಾಯಕರ ತರಬೇತಿ ಶುರುವಾಯಿತು. ತರಬೇತಿ ಮುಗಿಸಿದವರಿಗೆ ತೊಗಲಿನ ದಾರದಲ್ಲಿ ಪೋಣಿಸಿದ ಎರಡು ಮರದ ಮಣಿ ಕೊಡ್ತಾರೆ. ಬೇಡನ್ ಪೊವೆಲ್ ದಕ್ಷಿಣ ಆಫ್ರಿಕಾದಿಂದ ತಂದಿದ್ದ ಒಂದು ಹಾರದ ಮಣಿಗಳ ಮಾದರಿ ಅದು. ನಮ್ಮ ದೇಶದಲ್ಲಿ ಇದಕ್ಕೆ ಹಿಮಾಲಯ ವುಡ್ ಬ್ಯಾಡ್ಜ್ ಅಂತ ಹೆಸರು. ನಿಮ್ಮೂರಿನ ಯಾವುದಾದರೂ ಹಳೇ ಸ್ಕೌಟ್ ಮಾಸ್ಟರ್ ಕೊರಳಲ್ಲಿ ಆ ಮಣಿ ಕಂಡರೆ, ಅವರು ಹಂತ ಹಂತವಾಗಿ ಕಲಿತು ಬಂದವರು ಅಂತ ಅರ್ಥ. ಬ್ರೆಜಿಲ್‌ನ ನಾಯಕನೊಬ್ಬ ಎದುರು ಬಂದರೂ ಆ ಮಣಿ ನೋಡಿದ ಕೂಡಲೇ ಮಾತಿಗೆ ಕೂರ್ತಾನೆ.

ಸ್ವಿಟ್ಜರ್‌ಲೆಂಡಿನ ಕಾಂಡರ್‌ಸ್ಟೆಗ್‌ನಲ್ಲಿ ಅಂತರರಾಷ್ಟ್ರೀಯ ಸ್ಕೌಟ್ ಕೇಂದ್ರ ಇದೆ. ಗೈಡ್ಸ್‌ನ ವಿಶ್ವ ಕೇಂದ್ರಗಳಲ್ಲಿ ಒಂದು ನಮ್ಮ ಪಕ್ಕದ ಪುಣೆಯಲ್ಲೇ ಇದೆ, ಹೆಸರು ಸಂಗಮ್, 1966ರಿಂದ ನಡೀತಿದೆ. ನಾಲ್ಕು ವರ್ಷಕ್ಕೊಮ್ಮೆ ವಿಶ್ವ ಜಾಂಬೂರಿ. 2022ರ ಡಿಸೆಂಬರ್‌ನಲ್ಲಿ ಮೂಡುಬಿದಿರೆಯ ಆಳ್ವಾಸ್‌ನಲ್ಲಿ ನಡೆದ ಸಾಂಸ್ಕೃತಿಕ ಜಾಂಬೂರಿಗೆ ನಮ್ಮ ಕಡೆಯಿಂದಲೂ ಬಸ್ಸುಗಳು ಹೋಗಿದ್ದವು. ಎಲ್ಲಿಗೂ ಹೋಗೋಕೆ ಆಗದವರಿಗೆ ಪ್ರತಿ ಅಕ್ಟೋಬರ್‌ನಲ್ಲಿ ಹ್ಯಾಮ್ ರೇಡಿಯೊ ಮತ್ತು ಇಂಟರ್‌ನೆಟ್ ಮೂಲಕ ಒಂದು ಜಾಂಬೂರಿ ನಡೆಯುತ್ತೆ. ಮಕ್ಕಳು ಮನೇಲೇ ಕೂತು ಬೇರೆ ದೇಶದ ಮಕ್ಕಳ ಜೊತೆ ಮಾತಾಡಬಹುದು. ಖರ್ಚು ಅಂತ ಏನೂ ಇಲ್ಲ. ನಮ್ಮ ತಾಲ್ಲೂಕು ಮಟ್ಟದಲ್ಲಿ ಇದನ್ನು ಬಳಸಿಕೊಳ್ಳೋರು ಕಡಿಮೆ ಅನ್ನೋದೇ ಬೇಸರದ ವಿಷಯ.

ಮೇಷ್ಟ್ರೋ, ಅಪ್ಪನೋ, ಕಾಲೇಜು ಹುಡುಗನೋ?

ಈಗ ಮುಖ್ಯ ವಿಷಯಕ್ಕೆ ಬರೋಣ.

ನಮ್ಮಲ್ಲಿ ಸ್ಕೌಟ್ಸ್ ಅಂದ್ರೆ ಶಾಲೆ. ದಳ ಶಾಲೆಯದ್ದು, ನಾಯಕ ಶಾಲೆಯ ಮೇಷ್ಟ್ರು, ಗೈಡ್ ಕ್ಯಾಪ್ಟನ್ ಶಾಲೆಯ ಟೀಚರ್ರು. ಬಹಳ ಕಡೆ ಪಿಇ ಮೇಷ್ಟ್ರ ತಲೆ ಮೇಲೇ ಬೀಳುತ್ತೆ. ಇದರಿಂದ ದೊಡ್ಡ ಲಾಭ ಒಂದಿದೆ: ದುಡ್ಡಿಲ್ಲದ ಮನೆಯ ಮಗುವಿಗೂ ಸ್ಕೌಟ್ಸ್ ಸಿಗುತ್ತೆ. ಅಪ್ಪ ಗಾರೆ ಕೆಲಸಕ್ಕೆ, ಅಮ್ಮ ಗಾರ್ಮೆಂಟ್ಸ್‌ಗೆ ಹೋಗೋ ಮನೆಯಲ್ಲಿ ಶನಿವಾರ ಮಗುವನ್ನು ಎಲ್ಲೋ ಕರಕೊಂಡು ಹೋಗಿ ಬಿಡೋದು ಯಾರು? ಶಾಲೆಯಲ್ಲೇ ಇದ್ದರೆ ಆ ತಾಪತ್ರಯ ಇಲ್ಲ. ನಷ್ಟ ಏನು ಅಂದ್ರೆ, ಆ ಒಬ್ಬ ಮೇಷ್ಟ್ರು ವರ್ಗ ಆದರೆ ದಳವೂ ಹೋಗುತ್ತೆ. ಬೀರುವಿನಲ್ಲಿ ಧ್ವಜ, ಹಗ್ಗ, ಪ್ರಥಮ ಚಿಕಿತ್ಸೆ ಪೆಟ್ಟಿಗೆ ಉಳಿಯುತ್ತೆ, ಬೀಗದ ಕೈ ಯಾರ ಹತ್ರ ಅಂತ ಯಾರಿಗೂ ಗೊತ್ತಿರಲ್ಲ.

ಇದೇ ದಾರಿಯಲ್ಲಿ ಇನ್ನೂ ಮುಂದೆ ಹೋಗಿರೋದು ಇಂಡೋನೇಷ್ಯಾ. ಜಗತ್ತಿನಲ್ಲಿ ಅತಿ ಹೆಚ್ಚು ಸ್ಕೌಟ್‌ಗಳಿರೋ ದೇಶ ಅದು. ಅಲ್ಲಿ ಇದಕ್ಕೆ ಪ್ರಮುಕ ಅಂತಾರೆ, 1961ರಲ್ಲಿ ಎಲ್ಲಾ ಸಂಘಗಳನ್ನೂ ಒಂದು ಮಾಡಿ ಕಟ್ಟಿದ್ದು. 2013ರ ಪಠ್ಯಕ್ರಮದಲ್ಲಿ ಪ್ರತಿ ವಿದ್ಯಾರ್ಥಿಗೂ ಕಡ್ಡಾಯ ಮಾಡಿದರು. 2024ರಲ್ಲಿ ಅಲ್ಲಿನ ಶಿಕ್ಷಣ ಸಚಿವಾಲಯ ಕಡ್ಡಾಯ ಅನ್ನೋದನ್ನು ತೆಗೆದುಹಾಕಿದಾಗ ದೇಶದಲ್ಲೆಲ್ಲಾ ಜೋರು ಚರ್ಚೆ ಎದ್ದಿತು. ಥಾಯ್ಲೆಂಡಿನಲ್ಲೂ 1911ರಲ್ಲಿ ರಾಜ ವಜಿರಾವುಧನೇ ಶುರು ಮಾಡಿದ್ದರಿಂದ ಅದು ಶಾಲೆಯ ಪಾಠದಂತೆಯೇ ಇದೆ. ವಾರಕ್ಕೊಂದು ದಿನ ಮಕ್ಕಳು ಸ್ಕೌಟ್ ಸಮವಸ್ತ್ರದಲ್ಲಿ ಬರೋದು ಅಲ್ಲಿ ಹಳೇ ರೂಢಿ. ಶರ್ಟು, ಸ್ಕಾರ್ಫು, ಟೋಪಿ, ಬೆಲ್ಟು, ಬ್ಯಾಡ್ಜು ಅಂತ ಬಡವರ ಮನೆಗೆ ಇದು ಭಾರ ಅಂತ ಅಲ್ಲಿ ಪೋಷಕರು ವರ್ಷಗಳಿಂದ ದೂರುತ್ತಾ ಬಂದಿದ್ದಾರೆ. ಸಮವಸ್ತ್ರ ಮಾರೋ ಬಟ್ಟೆ ಅಂಗಡಿಯವರಿಗೆ ಇದು ಹೊಸ ಕತೆ ಏನಲ್ಲ ಬಿಡಿ.

ಅಮೆರಿಕದಲ್ಲಿ ಇದು ಅಪ್ಪ-ಅಮ್ಮಂದಿರ ಕೆಲಸ. ಮಗ ಕಬ್ ಸೇರಿದ ದಿನವೇ ತಂದೆಗೋ ತಾಯಿಗೋ ಒಂದು ಜವಾಬ್ದಾರಿ ಅಂಟಿಕೊಳ್ಳುತ್ತೆ: ಒಬ್ಬರು ಲೆಕ್ಕ ಬರೀತಾರೆ, ಒಬ್ಬರು ಗುಂಪು ನೋಡಿಕೊಳ್ತಾರೆ, ಒಬ್ಬರು ಗಾಡಿ ಓಡಿಸ್ತಾರೆ. ದಳಕ್ಕೆ ನೆಲೆ ಕೊಡೋದು ಚರ್ಚು, ಕ್ಲಬ್ಬು, ಶಾಲೆ. ಅದರಲ್ಲೂ ಅಪಾಯ ಇಲ್ಲದೇ ಇಲ್ಲ. ಬಹಳ ದೊಡ್ಡ ಸಂಖ್ಯೆಯಲ್ಲಿ ದಳ ನಡೆಸುತ್ತಿದ್ದ ಮಾರ್ಮನ್ ಚರ್ಚ್ 2019ರ ಕೊನೆಗೆ ಹೊರಗೆ ಹೋದಾಗ ಲಕ್ಷಾಂತರ ಮಕ್ಕಳು ಒಂದೇ ಸಲಕ್ಕೆ ಕಡಿಮೆಯಾದರು. ಮೇಷ್ಟ್ರು ವರ್ಗ ಆದಾಗ ನಮ್ಮಲ್ಲಿ ಆಗೋದೇ ಅಲ್ಲಿ ದೇಶದ ಮಟ್ಟದಲ್ಲಿ ಆಯಿತು. ಒಂದೇ ಕಂಬಕ್ಕೆ ಮನೆ ಕಟ್ಟಿದರೆ ಕಂಬ ಶಾಲೆಯಾದರೇನು, ಚರ್ಚಾದರೇನು.

ಫ್ರಾನ್ಸ್ ಮತ್ತು ಬೆಲ್ಜಿಯಂ ಕಡೆಯವರು ಮಾತಾಡೋಕೆ ಶುರು ಮಾಡಿದರೆ ಉಳಿದವರು ಬಾಯಿ ಬಿಟ್ಟುಕೊಂಡು ಕೇಳ್ತಾರೆ. ಅಲ್ಲಿ ನಾಯಕರೇ ಹದಿನೆಂಟು, ಇಪ್ಪತ್ತು, ಇಪ್ಪತ್ತೆರಡು ವರ್ಷದ ಕಾಲೇಜು ಹುಡುಗ ಹುಡುಗಿಯರು. ಅದೇ ಊರಲ್ಲಿ ಸ್ಕೌಟ್ ಆಗಿ ಬೆಳೆದು, ಆಮೇಲೆ ಚಿಕ್ಕವರನ್ನು ನಾಲ್ಕೈದು ವರ್ಷ ನಡೆಸಿ, ಕೆಲಸ ಸಿಕ್ಕಿದ ಮೇಲೆ ಮುಂದಿನವರಿಗೆ ಬಿಟ್ಟುಕೊಡ್ತಾರೆ. ಬೇಸಿಗೆಯಲ್ಲಿ ಬೆಲ್ಜಿಯಂನ ಆರ್ಡೆನ್ ಬೆಟ್ಟಸೀಮೆಯಲ್ಲಿ ರೈತರ ಹುಲ್ಲುಗಾವಲು ತುಂಬ ಶಿಬಿರಗಳು. ಮರದ ಗಳುಗಳನ್ನು ಹಗ್ಗದಲ್ಲೇ ಕಟ್ಟಿ, ಅಟ್ಟದ ಮೇಲೆ ಗುಡಾರ ಹಾಕೋದು ಅವರ ವಿಶೇಷ. ನಮ್ಮ ಹೊಲದ ಅಟ್ಟಣೆ ನೆನಪಾಗುತ್ತೆ. ಅಷ್ಟು ಚಿಕ್ಕವರ ಕೈಗೆ ಮಕ್ಕಳನ್ನು ಕೊಡೋದಾ ಅಂತ ನಮಗೆ ಅನ್ನಿಸಬಹುದು. ಆದರೆ ಫ್ರಾನ್ಸಿನಲ್ಲಿ ಆ ಹುಡುಗರು ಸುಮ್ಮನೆ ನಾಯಕರಾಗಲ್ಲ. ತರಬೇತಿ ಅರ್ಹತೆ ಬೇಕು, ಶಿಬಿರವನ್ನು ಮೊದಲೇ ಸರ್ಕಾರಕ್ಕೆ ತಿಳಿಸಬೇಕು, ತಪಾಸಣೆಗೆ ಅಧಿಕಾರಿ ಯಾವಾಗ ಬೇಕಾದರೂ ಬರಬಹುದು.

ಬ್ರಿಟನ್ನಿನ ದಳ ಶಾಲೆಯದ್ದಲ್ಲ, ಬಡಾವಣೆಯದ್ದು. ಪೋಸ್ಟ್‌ಮನ್, ನರ್ಸು, ಬ್ಯಾಂಕಿನವರು, ನಿವೃತ್ತರು, ಹೀಗೆ ಯಾರು ಬೇಕಾದರೂ ನಡೆಸಬಹುದು. ಅಲ್ಲಿನ ಗೋಳು ಬೇರೆ: ಮಕ್ಕಳು ಸಾಲುಗಟ್ಟಿ ಕಾಯ್ತಿದ್ದಾರೆ, ನಡೆಸೋಕೆ ದೊಡ್ಡವರು ಸಿಕ್ಕಲ್ಲ. ನಮ್ಮಲ್ಲಿ ಮಕ್ಕಳೂ ಇದ್ದಾರೆ, ಪಟ್ಟಿಯಲ್ಲಿ ಮೇಷ್ಟ್ರೂ ಇದ್ದಾರೆ, ಆದರೆ ಅವರಿಗೆ ಜನಗಣತಿ, ಚುನಾವಣೆ, ಬಿಸಿಯೂಟದ ಲೆಕ್ಕ ಮುಗಿಸಿ ಉಳಿದ ಸಮಯ ಎಲ್ಲಿದೆ?

ಇಲ್ಲಿ ನಮ್ಮವರು ಗಮನಿಸಬೇಕಾದ ಒಂದು ವಿಷಯ ಇದೆ. ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್‌ನಲ್ಲಿ ಶಾಲೆಗೆ ಸೇರದ ಓಪನ್ ಯೂನಿಟ್‌ಗೂ ಅವಕಾಶ ಇದೆ. ಬಡಾವಣೆಯವರು, ಯುವಕ ಸಂಘದವರು, ಹಳೇ ರೋವರ್‌ಗಳು ಸೇರಿ, ತರಬೇತಿ ಪಡೆದು, ಜಿಲ್ಲಾ ಸಂಸ್ಥೆಯಲ್ಲಿ ನೋಂದಾಯಿಸಿಕೊಂಡು ದಳ ನಡೆಸಬಹುದು. ನಾಯಕರ ತರಬೇತಿಗೆ ದೂರ ಹೋಗಬೇಕಾಗಿಲ್ಲ. ದೊಡ್ಡಬಳ್ಳಾಪುರದ ಆನಿ ಬೆಸೆಂಟ್ ಪಾರ್ಕು, ದಾವಣಗೆರೆ ಹತ್ತಿರದ ಕೊಂಡಜ್ಜಿ ಇವೆಲ್ಲ ಅದಕ್ಕೇ ಇರೋ ಜಾಗಗಳು. ಮೇಷ್ಟ್ರು ವರ್ಗ ಆದರೂ ದಳ ಉಳಿಯೋದಕ್ಕೆ ಇರೋ ಸುಲಭ ದಾರಿ ಇದು. ಶಾಲೆ ಬಿಟ್ಟು ಪಿಯುಸಿಗೆ ಹೋದ ಹುಡುಗರನ್ನೇ ಸಹಾಯಕರಾಗಿ ಉಳಿಸಿಕೊಂಡರೂ ಅರ್ಧ ಕೆಲಸ ಆದಂತೆ.

ಮಕ್ಕಳ ಕೈಗೆ ಬೀಗದ ಕೈ

ಯಾವ ದೇಶದವರು ಬಂದರೂ ಒಂದು ವಿಷಯದಲ್ಲಿ ತಕರಾರು ಇಲ್ಲ: ಸ್ಕೌಟ್ಸ್‌ನ ಜೀವ ಇರೋದು ಪ್ಯಾಟ್ರೋಲ್‌ನಲ್ಲಿ. ಪ್ಯಾಟ್ರೋಲ್ ಅಂದ್ರೆ ಆರೆಂಟು ಮಕ್ಕಳ ಒಂದು ಗುಂಪು. ಅದಕ್ಕೆ ಅವರಲ್ಲೇ ಒಬ್ಬ ಲೀಡರ್, ಒಬ್ಬ ಸೆಕೆಂಡ್. ಒಬ್ಬರು ಅಡುಗೆ, ಒಬ್ಬರು ಲೆಕ್ಕ, ಒಬ್ಬರು ಸಾಮಾನು, ಒಬ್ಬರು ಪ್ರಥಮ ಚಿಕಿತ್ಸೆ. ಲೀಡರ್‌ಗಳೆಲ್ಲ ಕೂತು ದಳದ ವಿಷಯ ತೀರ್ಮಾನ ಮಾಡೋ ಸಭೆಗೆ ಕೋರ್ಟ್ ಆಫ್ ಆನರ್ ಅಂತ ಹೆಸರು. ಅಲ್ಲಿ ಸ್ಕೌಟ್ ಮಾಸ್ಟರ್ ಕೂತಿರ್ತಾರೆ, ಆದರೆ ಸಲಹೆಗಷ್ಟೇ.

ಪುಸ್ತಕದಲ್ಲಿ ಎಲ್ಲ ದೇಶದಲ್ಲೂ ಹೀಗೇ ಇದೆ. ಮೈದಾನದಲ್ಲಿ ಬೇರೆ. ಶಾಲೆಯ ಕೈಯಲ್ಲಿದ್ದಲ್ಲೆಲ್ಲಾ ಸ್ಕೌಟ್ಸ್ ನಿಧಾನಕ್ಕೆ ಇನ್ನೊಂದು ಪೀರಿಯಡ್ ಆಗಿಬಿಡುತ್ತೆ. ಮೇಷ್ಟ್ರು ಸೀಟಿ ಊದ್ತಾರೆ, ಅರವತ್ತು ಮಕ್ಕಳು ಸಾಲಲ್ಲಿ ನಿಲ್ತಾರೆ, ಚಪ್ಪಾಳೆ, ಹಾಡು, ಮನೆಗೆ. ಇದು ನಮ್ಮ ದೂರು ಮಾತ್ರ ಅಲ್ಲ, ಶಾಲೆಯಲ್ಲಿ ಸ್ಕೌಟ್ಸ್ ಇರೋ ದೇಶಗಳಲ್ಲೆಲ್ಲಾ ಇರೋ ದೂರು. ಅಮೆರಿಕದಲ್ಲಿ ಇದಕ್ಕೆ ಉಲ್ಟಾ: ಅಪ್ಪಂದಿರೇ ಮೇಲೆ ಬಿದ್ದು ಗುಡಾರ ಕಟ್ಟಿಬಿಡ್ತಾರೆ, ಹುಡುಗ ಫೋಟೊಗೆ ನಿಲ್ತಾನೆ. ಎರಡರಲ್ಲೂ ಮಗುವಿಗೆ ಸಿಗಬೇಕಾದ್ದು ಸಿಗಲ್ಲ.

ಹನ್ನೆರಡು ವರ್ಷದ ಹುಡುಗಿ ಎಂಟು ಜನಕ್ಕೆ ಉಪ್ಪಿಟ್ಟು ಮಾಡಬೇಕು ಅಂದ್ಕೊಳ್ಳಿ. ರವೆ ಎಷ್ಟು, ನೀರು ಎಷ್ಟು, ಎಷ್ಟು ದುಡ್ಡಾಯ್ತು ಅಂತ ಅವಳೇ ಲೆಕ್ಕ ಹಾಕಿ, ಅಂಗಡಿಗೆ ಹೋಗಿ ತಂದು, ಸೀದಿಸಿಕೊಂಡು, ಆದರೂ ಎಲ್ಲರೂ ತಿಂದು, ಪಾತ್ರೆ ತಿಕ್ಕಿಟ್ಟರೆ ಆ ದಿನ ಅವಳಿಗೆ ಸ್ಕೌಟಿಂಗ್ ಆಯ್ತು. ಮೇಷ್ಟ್ರು ಕ್ಯಾಟರಿಂಗ್‌ನವರಿಗೆ ಹೇಳಿ ತರಿಸಿದ್ದರೆ ಉಪ್ಪಿಟ್ಟು ಚೆನ್ನಾಗಿರ್ತಿತ್ತು, ಅಷ್ಟೇ. ನಿಮ್ಮ ಮಗು ಶಿಬಿರದಿಂದ ಬಂದಾಗ ಪದಕ ಬಂತಾ ಅಂತ ಕೇಳೋ ಬದಲು ಯಾರು ಅಡುಗೆ ಮಾಡಿದ್ರು ಅಂತ ಕೇಳಿ ನೋಡಿ. ದಳ ಹೇಗೆ ನಡೀತಿದೆ ಅಂತ ಅಲ್ಲೇ ಗೊತ್ತಾಗುತ್ತೆ.

ಪದಕದ ಓಟ

ನಮ್ಮಲ್ಲಿ ಪ್ರವೇಶ, ಪ್ರಥಮ ಸೋಪಾನ, ದ್ವಿತೀಯ ಸೋಪಾನ, ತೃತೀಯ ಸೋಪಾನ, ಆಮೇಲೆ ರಾಜ್ಯ ಪುರಸ್ಕಾರ, ಕೊನೆಗೆ ರಾಷ್ಟ್ರಪತಿ ಪುರಸ್ಕಾರ. ಸಿಇಟಿಯಲ್ಲಿ ವಿಶೇಷ ವರ್ಗದ ಸೀಟಿಗೆ, ರೈಲ್ವೆಯ ಸ್ಕೌಟ್ ಕೋಟಾ ನೇಮಕಾತಿಗೆ ಈ ಸರ್ಟಿಫಿಕೇಟ್‌ಗಳಿಗೆ ಬೆಲೆ ಇದೆ. ಹಾಗಾಗಿ ಎಂಟನೇ ಕ್ಲಾಸಿಗೇ ಪೋಷಕರು ಲೆಕ್ಕ ಹಾಕ್ತಾರೆ. ತಪ್ಪು ಅಂತ ಹೇಳೋಕಾಗಲ್ಲ. ಬಡವರ ಮನೆಯ ಮಗುವಿಗೆ ಅದೊಂದು ಬಾಗಿಲು. ಅಮೆರಿಕದಲ್ಲೂ ಇದೇ ಕತೆ. ಅಲ್ಲಿನ ಈಗಲ್ ಸ್ಕೌಟ್ ಆಗೋಕೆ 21 ಮೆರಿಟ್ ಬ್ಯಾಡ್ಜ್ ಜೊತೆಗೆ ಊರಿಗೆ ಉಪಯೋಗ ಆಗೋ ಒಂದು ಕೆಲಸವನ್ನು ಹುಡುಗನೇ ಯೋಜನೆ ಮಾಡಿ, ಬೇರೆಯವರನ್ನು ಸೇರಿಸಿಕೊಂಡು ಮುಗಿಸಬೇಕು. ಈಗಲ್ ಸ್ಕೌಟ್ ಸೇನೆಗೆ ಸೇರಿದರೆ ಶುರುವಿನಲ್ಲೇ ಒಂದು ಮೆಟ್ಟಿಲು ಮೇಲಿನ ದರ್ಜೆ ಸಿಗುತ್ತೆ. ಆ ಊರಿನ ಕೆಲಸದ ನಿಯಮ ಮಾತ್ರ ನಮ್ಮಲ್ಲೂ ಗಟ್ಟಿಯಾಗಿ ಬಂದರೆ ಚೆನ್ನ ಅನ್ನಿಸುತ್ತೆ. ಲಾಗ್‌ಬುಕ್ ದಪ್ಪ ಆಗೋದಕ್ಕಿಂತ ಬಸ್‌ಸ್ಟ್ಯಾಂಡಿನ ಬೆಂಚು ರಿಪೇರಿ ಆಗೋದು ಮೇಲು.

ದೇವರು, ಹುಡುಗಿಯರು

ದೇವರಿಗೆ ಕರ್ತವ್ಯ ಅನ್ನೋ ಮಾತು ಪ್ರತಿಜ್ಞೆಯಲ್ಲೇ ಇದೆ. ದೇವರನ್ನು ನಂಬದ ಮನೆಯ ಮಗು ಏನು ಮಾಡಬೇಕು? ಅಮೆರಿಕದವರು ಇದರಲ್ಲಿ ಬಿಗಿ. ಬ್ರಿಟನ್ ಬಹಳ ಚರ್ಚೆ ಮಾಡಿ 2014ರಿಂದ ಬೇರೆ ಮಾತಿನ ಪ್ರತಿಜ್ಞೆಗೆ ಅವಕಾಶ ಕೊಟ್ಟಿತು. ಫ್ರಾನ್ಸಿನಲ್ಲಿ ಕ್ಯಾಥೊಲಿಕ್, ಪ್ರಾಟೆಸ್ಟೆಂಟ್, ಯಹೂದಿ, ಮುಸ್ಲಿಂ, ಧರ್ಮವಿಲ್ಲದವರದ್ದು ಅಂತ ಬೇರೆ ಬೇರೆ ಸಂಘಗಳೇ ಇವೆ, ಮೇಲೆ ಒಂದು ಒಕ್ಕೂಟ. ನಮ್ಮ ಪ್ರತಿಜ್ಞೆಯಲ್ಲಿ ದೇವರು ಅನ್ನೋ ಕಡೆ ಬೇಕಾದರೆ ಧರ್ಮ ಅಂತ ಹೇಳಬಹುದು ಅನ್ನೋ ನಿಯಮ ಇದೆ. ಶಿಬಿರದಲ್ಲಿ ಸರ್ವಧರ್ಮ ಪ್ರಾರ್ಥನೆ. ಒಂದೇ ಗುಡಾರದಲ್ಲಿ ಎಲ್ಲರ ಪ್ರಾರ್ಥನೆ ಅಂದಾಗ ಹೊರಗಿನವರಿಗೆ ಆಶ್ಚರ್ಯ, ನಮಗೆ ರೂಢಿ.

ಹುಡುಗ ಹುಡುಗಿ ಒಟ್ಟಿಗೆ ಇರಬೇಕಾ ಅನ್ನೋದರಲ್ಲೂ ಹೀಗೇ ಬೇರೆ ಬೇರೆ ದಾರಿ. ಬ್ರಿಟನ್ನಿನ ಸ್ಕೌಟ್ಸ್‌ನಲ್ಲಿ 2007ರಿಂದ ಎಲ್ಲ ದಳವೂ ಹುಡುಗಿಯರಿಗೆ ತೆರೆದಿದೆ. ಅಮೆರಿಕ 2018ರಲ್ಲಿ ಚಿಕ್ಕವರಿಂದ ಶುರು ಮಾಡಿ, 2025ರಲ್ಲಿ ಹೆಸರಿನಿಂದಲೇ ಬಾಯ್ ಅನ್ನೋದನ್ನು ತೆಗೆದು ಸ್ಕೌಟಿಂಗ್ ಅಮೆರಿಕ ಆಯಿತು. ನಮ್ಮದು ಸಂಸ್ಥೆ ಒಂದೇ, ದಳ ಬೇರೆ.

ಯಾರೂ ಮುಚ್ಚಿಡಬಾರದ ಮಾತು

ಈ ಭಾಗವನ್ನು ಪೋಷಕರು ಬಿಡದೆ ಓದಬೇಕು.

ಅಮೆರಿಕದ ಸ್ಕೌಟ್ ಸಂಸ್ಥೆ 2020ರ ಫೆಬ್ರವರಿಯಲ್ಲಿ ದಿವಾಳಿ ಅರ್ಜಿ ಹಾಕಿತು. ಕಾರಣ, ದಶಕಗಳ ಕಾಲ ನಾಯಕರ ವೇಷದಲ್ಲಿದ್ದವರಿಂದ ಮಕ್ಕಳ ಮೇಲೆ ನಡೆದ ಲೈಂಗಿಕ ದೌರ್ಜನ್ಯ. 82,000ಕ್ಕೂ ಹೆಚ್ಚು ಜನ ತಮಗೆ ಹೀಗಾಗಿದೆ ಅಂತ ಮುಂದೆ ಬಂದರು. ಪರಿಹಾರದ ಒಪ್ಪಂದ ಸುಮಾರು 246 ಕೋಟಿ ಡಾಲರ್, ಜಾರಿಗೆ ಬಂದದ್ದು 2023ರಲ್ಲಿ. ಸಂಸ್ಥೆಯೊಳಗೆ ದಾಖಲೆ ಇತ್ತು, ಎಷ್ಟೋ ಕಡೆ ಪೊಲೀಸರಿಗೆ ಹೋಗಲಿಲ್ಲ. ಹೆಸರು ಕೆಡುತ್ತೆ ಅನ್ನೋ ಭಯ. ಅದರಿಂದ ಬಂದ ನಿಯಮ ಈಗ ಬಹುತೇಕ ದೇಶಗಳ ನಾಯಕರ ಬಾಯಲ್ಲಿದೆ: ಯಾವ ಚಟುವಟಿಕೆಗೂ ಕಡಿಮೆ ಅಂದ್ರೆ ಇಬ್ಬರು ದೊಡ್ಡವರು ಇರಲೇಬೇಕು, ಒಬ್ಬ ದೊಡ್ಡವನು ಒಂದು ಮಗುವಿನ ಜೊತೆ ಬೇರೆಯವರ ಕಣ್ಣಿಗೆ ಬೀಳದ ಕಡೆ ಇರುವಂತಿಲ್ಲ, ಫೋನಿನಲ್ಲೂ ಒಂಟಿ ಮೆಸೇಜು ಬೇಡ. ಬ್ರಿಟನ್ನಿನಲ್ಲಿ ಇಂಥ ನಿಯಮಗಳನ್ನು ಹಳದಿ ಕಾರ್ಡಿನಲ್ಲಿ ಅಚ್ಚು ಹಾಕಿಸಿ ಪ್ರತಿ ನಾಯಕನ ಕೈಗೂ ಕೊಡ್ತಾರೆ. ಪೊಲೀಸ್ ದಾಖಲೆ ಪರಿಶೀಲನೆ ಆಗದೆ ಅಲ್ಲಿ ಯಾರನ್ನೂ ನಾಯಕರಾಗಿ ನೇಮಿಸಿಕೊಳ್ಳಲ್ಲ.

ನಮ್ಮಲ್ಲಿ ಪೋಕ್ಸೊ ಕಾಯ್ದೆ 2012ರಿಂದ ಇದೆ. ಕಾಯ್ದೆ ಇದ್ದರೆ ಸಾಲದು, ಮಗುವನ್ನು ಶಿಬಿರಕ್ಕೆ ಕಳಿಸೋ ಮುಂಚೆ ಕೇಳೋ ಬಾಯಿ ಬೇಕು. ಜೊತೆಗೆ ಎಷ್ಟು ಜನ ದೊಡ್ಡವರು ಹೋಗ್ತಿದ್ದಾರೆ? ಹುಡುಗಿಯರ ಜೊತೆ ಮಹಿಳಾ ನಾಯಕಿ ರಾತ್ರಿಯೂ ಇರ್ತಾರಾ? ಮಲಗೋ ಜಾಗ, ಸ್ನಾನದ ಜಾಗ ಎಲ್ಲಿ? ಮಗು ಮನೆಗೆ ಫೋನ್ ಮಾಡಬೇಕು ಅಂದ್ರೆ ಯಾರ ಫೋನು? ಹೀಗೆ ಕೇಳಿದರೆ ಒಳ್ಳೇ ನಾಯಕರು ಬೇಜಾರು ಮಾಡಿಕೊಳ್ಳಲ್ಲ. ಬೇಜಾರು ಮಾಡಿಕೊಂಡರೆ ಇನ್ನೊಂದು ಸಲ ಯೋಚನೆ ಮಾಡಿ.

ಎರಡನೆಯದು ನೀರು. 2020ರ ಫೆಬ್ರವರಿ 21ರಂದು ಇಂಡೋನೇಷ್ಯಾದ ಯೋಗ್ಯಕರ್ತಾ ಹತ್ತಿರ ಒಂದು ಶಾಲೆಯವರು ಪ್ರಮುಕ ಚಟುವಟಿಕೆ ಅಂತ ಇನ್ನೂರಕ್ಕೂ ಹೆಚ್ಚು ಮಕ್ಕಳನ್ನು ಸೆಂಪೊರ್ ಹೊಳೆಯೊಳಗೆ ನಡೆಸಿದರು. ಮಳೆಗಾಲ. ಮೇಲಿನಿಂದ ಒಮ್ಮೆಲೇ ನೀರು ನುಗ್ಗಿತು. ಹತ್ತು ವಿದ್ಯಾರ್ಥಿನಿಯರು ತೀರಿಕೊಂಡರು. ಮೂವರು ಶಿಕ್ಷಕರಿಗೆ ಜೈಲಾಯಿತು. ಆ ಮೇಷ್ಟ್ರುಗಳು ಕೆಟ್ಟವರು ಅಂತಲ್ಲ. ಮಕ್ಕಳ ಸಂಖ್ಯೆಗೆ ತಕ್ಕಷ್ಟು ದೊಡ್ಡವರು ಇರಲಿಲ್ಲ, ಮೇಲಿನ ಮಳೆಯ ಲೆಕ್ಕ ಯಾರೂ ಹಾಕಲಿಲ್ಲ. ಕಡ್ಡಾಯ ಅಂತ ಮಾಡಿದಾಗ ಶಾಲೆಯ ಎಲ್ಲ ಮಕ್ಕಳೂ ಒಟ್ಟಿಗೆ ಹೊರಡ್ತಾರೆ. ಅದೇ ಅಪಾಯದ ಬೇರು. ಮಲೆನಾಡಿನ ಹಳ್ಳ, ಕಾವೇರಿ ಸುಳಿ, ಕೆರೆ ಕೋಡಿ ನೋಡಿದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ದೊಡ್ಡ ಮೇಳಗಳಲ್ಲೂ ಇದೇ ಪಾಠ. 2023ರ ಆಗಸ್ಟ್‌ನಲ್ಲಿ ದಕ್ಷಿಣ ಕೊರಿಯಾದ ಸೇಮಾಂಗೆಮ್‌ನಲ್ಲಿ ವಿಶ್ವ ಜಾಂಬೂರಿ. ಸಮುದ್ರದಿಂದ ಎತ್ತಿ ಮಾಡಿದ ಬಯಲು, ನೆರಳಿಗೆ ಮರ ಇಲ್ಲ, ಸುಮಾರು 43,000 ಜನ. ಬಿಸಿಲಿಗೆ ನೂರಾರು ಮಕ್ಕಳು ಅಸ್ವಸ್ಥರಾದರು. ಶೌಚಾಲಯ, ಊಟ, ನೆರಳು ಸರಿಯಿಲ್ಲ ಅಂತ ಸುಮಾರು 4,500 ಜನರಿದ್ದ ಬ್ರಿಟನ್ ತಂಡ ಮಧ್ಯದಲ್ಲೇ ಎದ್ದು ಹೋಯಿತು. ಅಮೆರಿಕ, ಸಿಂಗಾಪುರದವರೂ ಹೊರಟರು. ಕೊನೆಗೆ ಚಂಡಮಾರುತದ ಭಯಕ್ಕೆ ಎಲ್ಲರನ್ನೂ ತೆರವು ಮಾಡಿದರು. ಸ್ಕೌಟ್‌ನವರ ಕೈಲಿದ್ದದ್ದು ಸರ್ಕಾರದ ಕೈಗೆ, ಕಾಂಟ್ರಾಕ್ಟಿನ ಕೈಗೆ ಹೋಗಿದ್ದೇ ಕಾರಣ ಅಂತ ಆಮೇಲೆ ಬಹಳ ಟೀಕೆ ಬಂತು. ಸಿದ್ಧರಾಗಿರಿ ಅನ್ನೋದೇ ಸ್ಕೌಟ್ ಧ್ಯೇಯವಾಕ್ಯ ಅನ್ನೋದನ್ನು ಪತ್ರಿಕೆಗಳು ಚುಚ್ಚಿ ಚುಚ್ಚಿ ನೆನಪಿಸಿದವು. ಮುಂದಿನ ಜಾಂಬೂರಿ 2027ರಲ್ಲಿ ಪೋಲೆಂಡಿನ ಗ್ಡಾನ್ಸ್ಕ್‌ನಲ್ಲಿ.

ದುಡ್ಡು ಎಲ್ಲಿಂದ? ಅಂಗಡಿಯವರಿಗೆ ಒಂದು ಮಾತು

ಶಿಬಿರಕ್ಕೆ ದುಡ್ಡು ಬೇಕು. ಅಮೆರಿಕದ ಗರ್ಲ್ ಸ್ಕೌಟ್‌ಗಳು 1917ರಿಂದ ಬಿಸ್ಕತ್ತು ಮಾರ್ತಾರೆ. ಒಕ್ಲಹೋಮದ ಒಂದು ದಳ ಮನೇಲಿ ಬೇಯಿಸಿ ಶಾಲೆಯಲ್ಲಿ ಮಾರಿದ್ದು ಶುರು, ಈಗ ಅದು ಕೋಟ್ಯಂತರ ಡಾಲರ್ ವ್ಯಾಪಾರ. ಮಕ್ಕಳಿಗೆ ಗಿರಾಕಿ ಜೊತೆ ಮಾತು, ಚಿಲ್ಲರೆ ಲೆಕ್ಕ ಕಲಿಸುತ್ತೆ ಅಂತ ಅವರ ವಾದ. ಬ್ರಿಟನ್ನಿನಲ್ಲಿ 1949ರಿಂದ ಈಸ್ಟರ್ ಸಮಯದಲ್ಲಿ ಸ್ಕೌಟ್‌ಗಳು ಮನೆ ಮನೆ, ಅಂಗಡಿ ಅಂಗಡಿ ಬಾಗಿಲು ತಟ್ಟಿ ಒಂದು ಶಿಲ್ಲಿಂಗ್‌ಗೆ ಒಂದು ಕೆಲಸ ಮಾಡಿಕೊಡ್ತಿದ್ದರು. ಕೆಲಸ ಮಾಡಿಸಿಕೊಂಡವರು ಕಾರ್ಡಿಗೆ ಸಹಿ ಹಾಕ್ತಿದ್ದರು. ಗೊತ್ತಿಲ್ಲದವರ ಮನೆಗೆ ಮಕ್ಕಳನ್ನು ಕಳಿಸೋದು ಸರಿಯಲ್ಲ ಅನ್ನೋ ಚಿಂತೆ ಬೆಳೆದು 1990ರ ದಶಕದಲ್ಲಿ ಅದು ನಿಂತಿತು; 2012ರಲ್ಲಿ ಗುಂಪಾಗಿ ಊರಿನ ಕೆಲಸ ಮಾಡೋ ರೂಪದಲ್ಲಿ ಮತ್ತೆ ಬಂತು. ಸಿಂಗಾಪುರ, ಮಲೇಷ್ಯಾದಲ್ಲಿ ಜಾಬ್ ವೀಕ್ ಅಂತ ಅದೇ ಪದ್ಧತಿ ಉಳಿದುಕೊಂಡು ಬಂದಿದೆ.

ನಮ್ಮಲ್ಲಿ ಇದರ ಹೆಸರು ಖರಿ ಕಮಾಯಿ. ಹಿಂದಿ ಮಾತು, ಪ್ರಾಮಾಣಿಕವಾಗಿ ದುಡಿದ ದುಡ್ಡು ಅಂತ ಅರ್ಥ. ಕೆಲವು ಕಡೆ ಇದು ರಸೀದಿ ಪುಸ್ತಕ ಹಿಡಿದು ಅಂಗಡಿ ಬೀದಿ ಸುತ್ತೋದಷ್ಟೇ ಆಗಿಬಿಟ್ಟಿದೆ. ಅಂಗಡಿಯವರು ಗಿರಾಕಿ ಇರೋ ಹೊತ್ತಲ್ಲಿ ಸುಮ್ಮನೆ ಐವತ್ತೋ ನೂರೋ ಕೊಟ್ಟು ಕಳಿಸ್ತಾರೆ. ಹಾಗೆ ಕೊಟ್ಟರೆ ಅದು ಚಂದಾ, ಕಮಾಯಿ ಅಲ್ಲ. ದುಡ್ಡು ಕೊಡೋ ಮುಂಚೆ ಒಂದು ಸಣ್ಣ ಕೆಲಸ ಹೇಳಿ: ಅಂಗಡಿ ಮುಂದಿನ ಜಾಗ ಗುಡಿಸಲಿ, ಹಳೇ ಪತ್ರಿಕೆ ಅಳತೆಗೆ ಕತ್ತರಿಸಿ ಕೊಡಲಿ, ಬೋರ್ಡಿನ ಧೂಳು ಒರೆಸಲಿ, ಗಿಡಕ್ಕೆ ನೀರು ಹಾಕಲಿ. ಭಾರ ಹೊರಿಸೋದು, ಒಲೆ ಹತ್ತಿರ ನಿಲ್ಲಿಸೋದು, ಗೋಡೌನಿಗೆ ಒಬ್ಬರನ್ನೇ ಕಳಿಸೋದು ಬೇಡ. ಅರ್ಧ ಗಂಟೆಗಿಂತ ಹೆಚ್ಚೂ ಬೇಡ, ಅವರು ಬಂದಿರೋದು ಕೂಲಿಗೆ ಅಲ್ಲ. ಜೊತೆಗೆ ನಾಯಕರು ಬಂದಿದ್ದಾರಾ ನೋಡಿ, ಬಂದಿಲ್ಲ ಅಂದ್ರೆ ಮೇಷ್ಟ್ರನ್ನು ಕರಕೊಂಡು ಬನ್ನಿ ಅಂತ ವಾಪಸ್ ಕಳಿಸಿ. ಕೆಲಸ ಮುಗಿದ ಮೇಲೆ ದುಡ್ಡನ್ನು ಮೇಷ್ಟ್ರ ಕೈಗಲ್ಲ, ಲೆಕ್ಕ ಬರೆಯೋ ಮಗುವಿನ ಕೈಗೇ ಕೊಟ್ಟು, ಪುಸ್ತಕದಲ್ಲಿ ಏನು ಕೆಲಸ ಅಂತ ಬರೆಸಿ ಸಹಿ ಹಾಕಿ.